ಕೂಲರಿಗೆ ಬಂದ ಜ್ವರ

ಹೊಸ ಸಾಮಾನು ಮನೆಗೆ ಬಂದ ಕೂಡಲೇ ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಬಿಸಾಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಅತ್ತೆ ಆ ಪಂಗಡಕ್ಕೆ ಸೇರಿದವರಲ್ಲ. ಪುತ್ತೂರಿನ ನಮ್ಮ ಮನೆಯಲ್ಲಿ ಫ್ರಿಜ್ಜಿನ ಹಿಡಿಗೆ, ಟಿವಿಯ ರಿಮೋಟಿಗೆ, ಚಾವಡಿಯ ಸೋಫಾಕ್ಕೆ ಅಂಗಡಿಯಿಂದ ಬಂದ ದಿನದ ಹೊದಿಕೆಯೇ ಇನ್ನೂ ಇದೆ. ಸೆಕೆಗಾಲದಲ್ಲಿ ಆ ಸೋಫಾದಿಂದ ಏಳುವುದೆಂದರೆ ಗಾಯದ ಪಟ್ಟಿ ಕಿತ್ತ ಹಾಗೆ. "ತೆಗೆದರೆ ಹಾಳಾಗ್ತದೆ" ಎಂಬುದು ಅತ್ತೆಯ ಒಂದೇ ಮಾತು. ಮದುವೆಯಾಗಿ ಸುಳ್ಯದಿಂದ ಬಂದ ಹೊಸತರಲ್ಲಿ, "ಹೀಗೆ ಮುಚ್ಚಿಟ್ಟು ಯಾರಿಗೆ ಅತ್ತೆ?" ಎಂದು ಕೇಳಬೇಕೆನಿಸುತ್ತಿತ್ತು. ಕೇಳಲಿಲ್ಲ. ತವರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಹೇಳಿ ನಗುತ್ತಿದ್ದೆ. ನಾವು ಅತ್ತೆ ಸೊಸೆ ಒಂದು ದಿನವೂ ಜಗಳ ಆಡಿದವರಲ್ಲ. ನಿಜ ಹೇಳುವುದಾದರೆ, ಜಗಳ ಆಡುವಷ್ಟು ಹತ್ತಿರ ಹೋದವರೂ ಅಲ್ಲ.

ನಾನು ಮನೆಯಲ್ಲೇ ಕೂತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವಳು. ಈ ಸಲ ಈಶ್ವರಮಂಗಲದ ರಫೀಕನ ಮದುವೆಯ ವಿಡಿಯೋ ಕೈಯಲ್ಲಿತ್ತು. ಶನಿವಾರ ಅವನು ದುಬೈಗೆ ಹೊರಡುವವನು. ಅವನ ತಾಯಿ ಆಯಿಶಮ್ಮ ಫೋನ್ ಮಾಡಿ, "ಮಗಳೇ, ಇವ ಹೋದರೆ ಮತ್ತೆ ಬರುದು ಯಾವಾಗ ಅಂತ ಅಲ್ಲಾಹನಿಗೇ ಗೊತ್ತು. ಹೋಗುವ ಮೊದಲು ಒಮ್ಮೆ ಒಟ್ಟಿಗೆ ಕೂತು ನೋಡ್ಬೇಕು, ಅಷ್ಟೇ ಆಸೆ" ಎಂದರು. "ಖಂಡಿತ ಕೊಡ್ತೇನೆ" ಎಂದು ಹೇಳಿಬಿಟ್ಟೆ. ಎಡಿಟಿಂಗ್ ಮುಗಿದಿತ್ತು. ಉಳಿದದ್ದು ಕಂಪ್ಯೂಟರು ಅದೆಲ್ಲವನ್ನೂ ಕಲಸಿ ಒಂದೇ ಫೈಲು ಮಾಡಿ ಕೊಡುವ ಕೆಲಸ. ಅದಕ್ಕೆ ತಾಸುಗಟ್ಟಲೆ ಬೇಕು. ಆದರೆ ನಮ್ಮೂರಲ್ಲಿ ಮೇ ತಿಂಗಳ ಕರೆಂಟು ತಾಸುಗಟ್ಟಲೆ ನಿಲ್ಲುವ ಜಾತಿಯದಲ್ಲ. ಗುಡುಗಿದರೆ ಹೋಯಿತು, ಗುಡುಗೀತು ಎಂಬ ಅನುಮಾನ ಬಂದರೂ ಹೋಯಿತು. ಅರ್ಧದಲ್ಲಿ ಹೋದರೆ ಪುನಃ ಮೊದಲಿನಿಂದ. ಹೀಗೆ ನನ್ನ ಕಂಪ್ಯೂಟರು ಆ ಮದುವೆಯನ್ನು ಮತ್ತೆ ಮತ್ತೆ ಆರಂಭಿಸಿ ಊಟದವರೆಗೂ ತಲುಪದೆ ನಿಲ್ಲುತ್ತಿತ್ತು.

ಕರೆಂಟನ್ನು ಉದ್ದ ಮಾಡುವುದು ನನ್ನ ಕೈಯಲ್ಲಿಲ್ಲ, ಕೆಲಸವನ್ನು ಗಿಡ್ಡ ಮಾಡಬಹುದಲ್ಲ ಎಂದು ಯೋಚಿಸಿ ಓವರ್‌ಕ್ಲಾಕಿಂಗಿಗೆ ಇಳಿದೆ. ಅಂದರೆ ಕಂಪೆನಿಯವರು ಹೇಳಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ಓಡಿತು. ಆದರೆ ಓಡಿದವರಿಗೆ ಮೈ ಬಿಸಿಯಾಗಬೇಡವೇ? ಅದರ ಜೊತೆಗೇ ಬಂದಿದ್ದ ಪುಟ್ಟ ಫ್ಯಾನು ಕಿರುಚಿ ಕಿರುಚಿ ಕೈಚೆಲ್ಲಿತು. ಪ್ರೊಸೆಸರನ್ನು ತಣಿಸಲು ದೊಡ್ಡ ಕೂಲರ್ ಬೇಕೇ ಬೇಕು ಎಂದಾಯಿತು. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಅದರಲ್ಲಿ ಎರಡು ಪಂಥ. ಗಾಳಿಯದ್ದು ಮತ್ತು ನೀರಿನದ್ದು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಬೈಯುವುದನ್ನು ಓದಿ ತಲೆ ಚಿಟ್ಟು ಹಿಡಿದು ನಮ್ಮವರನ್ನು ಕೇಳಿದೆ. ಇವರದು ಪಂಪ್ ರಿಪೇರಿ ಅಂಗಡಿ. "ನೀರಿನದ್ದಕ್ಕೆ ಪಂಪ್ ಉಂಟಾ?" ಎಂದರು. ಉಂಟು ಎಂದೆ. "ಹಾಗಾದ್ರೆ ಬೇಡ. ಪಂಪ್ ಅಂದ ಮೇಲೆ ಒಂದು ದಿನ ಕೆಡುದೇ. ನನ್ನ ಅಂಗಡಿ ನಡೆಯುದು ಎಂತದ್ರಿಂದ ಮಾರಾಯ್ತಿ?" ಇಷ್ಟು ನೇರವಾದ ಅಭಿಪ್ರಾಯ ಇಂಟರ್‌ನೆಟ್ಟಿನಲ್ಲಿ ಎಲ್ಲೂ ಇರಲಿಲ್ಲ. ಗಾಳಿಯದ್ದನ್ನೇ ತರಿಸಿದೆ.

ಗುರುವಾರ ಪೆಟ್ಟಿಗೆ ಬಂತು. ಎರಡು ಫ್ಯಾನು, ನಡುವೆ ಅಲ್ಯೂಮಿನಿಯಮ್ ತಗಡುಗಳ ರಾಶಿ. ಅತ್ತೆ ಹತ್ತಿರ ಬಂದು ನೋಡಿ, "ಇದೆಂತ, ಇಷ್ಟು ತಟ್ಟೆ? ಇಡ್ಲಿ ಬೇಯಿಸುದಾ?" ಎಂದರು. ಬೇಯಿಸಲಿಕ್ಕಲ್ಲ, ತಣಿಸಲಿಕ್ಕೆ ಎಂದೆ. ಅದರ ಹಿಂಬದಿಯ ಪಟ್ಟಿ ಕೂರಿಸಲು ಮದರ್‌ಬೋರ್ಡನ್ನೇ ಹೊರಗೆ ತೆಗೆಯಬೇಕಾಯಿತು. ಪ್ರೊಸೆಸರಿನ ನೆತ್ತಿಗೆ ಬಿಸಿ ದಾಟಿಸುವ ಪೇಸ್ಟನ್ನು ಹೆಸರುಕಾಳಿನಷ್ಟು ಹಚ್ಚಿದೆ. ಕೂಲರಿನ ತಾಮ್ರದ ಬುಡವನ್ನು ತಿರುಗಿಸಿ ನೋಡಿದೆ. ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಏನೋ ಇತ್ತು. ಕಂಪೆನಿಯ ಹೆಸರಿರಬೇಕು ಎಂದುಕೊಂಡು ಓದದೆ ಕೂರಿಸಿ, ತಿರುಪುಗಳನ್ನು ಮೂಲೆಯಿಂದ ಮೂಲೆಗೆ ಬಿಗಿದೆ. ಕೂಲರು ಎಷ್ಟು ಎತ್ತರವೆಂದರೆ ಕಂಪ್ಯೂಟರಿನ ಪೆಟ್ಟಿಗೆಯ ಬಾಗಿಲೇ ಹಾಕಲಾಗಲಿಲ್ಲ. ಅಳತೆ ನೋಡದೆ ತರಿಸಿದ್ದಕ್ಕೆ ಇವರು ನಕ್ಕರು. ಇವರೂ ಒಮ್ಮೆ ಅಳತೆ ನೋಡದೆ ಪಂಪ್ ತರಿಸಿದ್ದನ್ನು ನಾನು ನೆನಪಿಸಿದೆ. ಅಲ್ಲಿಗೆ ನಗು ನಿಂತಿತು.

ಕಂಪ್ಯೂಟರ್ ಚಾಲೂ ಮಾಡಿದೆ. ಫೈಲು ಮಾಡಲು ಹಚ್ಚಿ ಚಾ ಕುಡಿದು ಬರುವುದರೊಳಗೆ ಸ್ಕ್ರೀನು ಕಪ್ಪು. ಬಿಸಿ ತಾಳಲಾರದೆ ತಾನೇ ನಂದಿಹೋಗಿತ್ತು. ಹಳೆಯ ಪುಟ್ಟ ಫ್ಯಾನೇ ವಾಸಿಯಿತ್ತು! ತಿರುಪು ಬಿಗಿದು ನೋಡಿದೆ, ಟೇಬಲ್ ಫ್ಯಾನು ತಂದು ಎದುರಿಗಿಟ್ಟೆ. ಶುಕ್ರವಾರ ಮಧ್ಯಾಹ್ನದವರೆಗೂ ಅದೇ ಕತೆ. ಆಯಿಶಮ್ಮನಿಗೆ ಎಂತ ಹೇಳುವುದು? ನನಗೆ ಅಳುವೇ ಬಂತು.

ಅತ್ತೆ ಬಾಗಿಲಲ್ಲಿ ನಿಂತು, "ಎಂತಕ್ಕೆ ಮುಖ ಸಣ್ಣ ಮಾಡಿ ಕೂತದ್ದು?" ಎಂದರು.

"ಈ ಕೂಲರೇ ಸರಿ ಇಲ್ಲ ಅತ್ತೆ. ಹಿಂದೆ ಕಳಿಸ್ಬೇಕಷ್ಟೆ."

"ಕಳಿಸು. ಅದರ ಪ್ಲಾಸ್ಟಿಕ್ ನೀನು ತೆಗೀಲಿಲ್ಲ ಅಲ್ವಾ? ತೆಗೆಯದಿದ್ರೆ ಅಂಗಡಿಯವ್ರು ಎಂತದೂ ಹೇಳ್ಲಿಕ್ಕಿಲ್ಲ."

"ಅದಕ್ಕೆ ಯಾವ ಪ್ಲಾಸ್ಟಿಕ್..." ಎಂದವಳಿಗೆ ಓದದೆ ಬಿಟ್ಟ ಸಣ್ಣಕ್ಷರ ನೆನಪಾಯಿತು. ತಿರುಪು ಬಿಚ್ಚಿ ಕೂಲರನ್ನು ಎತ್ತಿದೆ. ತಾಮ್ರದ ಬುಡಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆ ಅಂಟಿತ್ತು. ಮೂಲೆಯ ಸಣ್ಣಕ್ಷರವನ್ನು ಈಗ ಓದಿದೆ. ಜೋಡಿಸುವ ಮೊದಲು ಈ ಹಾಳೆಯನ್ನು ತೆಗೆಯಿರಿ ಎಂದು ಬರೆದಿತ್ತು. ಇಷ್ಟು ವರ್ಷ ಈ ಮನೆಯ ಸೋಫಾದ ಮೇಲೆ ಕೂತು ಕೂತು ನನ್ನ ಕಣ್ಣಿಗೂ ಪ್ಲಾಸ್ಟಿಕ್ ಕಾಣದೆ ಹೋಗಿತ್ತು.

"ಅಯ್ಯೋ ದೇವ್ರೇ! ನೀನು ಸಹ ನನ್ನ ಹಾಗೆ ಆದದ್ದಾ!" ಎಂದು ಅತ್ತೆ ಸೆರಗು ಬಾಯಿಗಿಟ್ಟು ನಗತೊಡಗಿದರು. ನಾನೂ ನಕ್ಕೆ. ಅತ್ತೆಯ ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರು ಅಷ್ಟು ಚಂದ ನಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅವರೇ ಟಾರ್ಚ್ ಹಿಡಿದರು, ನಾನು ಹಳೆ ಪೇಸ್ಟ್ ಒರೆಸಿ ಹೊಸತು ಹಚ್ಚಿದೆ. "ಪ್ಲಾಸ್ಟಿಕ್ ಇದ್ರೆ ಎಂತ ಆಗುದು?" ಎಂದು ಕೇಳಿದರು. "ನಡುವೆ ಅದು ಇದ್ದರೆ ಬಿಸಿ ದಾಟುದಿಲ್ಲ ಅತ್ತೆ. ಎರಡೂ ನೇರ ತಾಗಬೇಕು" ಎಂದೆ. ಅವರು ಹೂಂ ಎಂದರು.

ಈ ಸಲ ಕಂಪ್ಯೂಟರು ಬೆವರದೆ ಓಡಿತು. ಸಂಜೆ ದೂರದಲ್ಲಿ ಗುಡುಗತೊಡಗಿದಾಗ ನಾನು ಕಂಡಕಂಡ ದೇವರಿಗೆಲ್ಲ ಹರಕೆ ಹೇಳಿದೆ. ಕೆಲಸ ಮುಗಿದು, ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೈಗೆ ತೆಗೆದುಕೊಂಡ ಮೇಲೆಯೇ ಕರೆಂಟು ಹೋಯಿತು. ರಫೀಕ್ ಬೈಕಿನಲ್ಲಿ ಬಂದು ಅದನ್ನು ಕೊಂಡುಹೋದ. ಶನಿವಾರ ಸಂಜೆ ಆಯಿಶಮ್ಮನ ಫೋನು. "ಒಟ್ಟಿಗೆ ಕೂತು ನೋಡಿದೆವು ಮಗಳೇ. ವಿಡಿಯೋ ಹೇಗುಂಟು ಅಂತ ಮಾತ್ರ ನನ್ನತ್ರ ಕೇಳ್ಬೇಡ. ಅವ ಪಕ್ಕದಲ್ಲೇ ಕೂತಿದ್ದ ಅಲ್ವಾ, ನಾನು ಅವನನ್ನೇ ನೋಡಿದ್ದು." ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಕ್ಕಿದ್ದಿಲ್ಲ.

ಭಾನುವಾರ ಸಂಜೆ ಚಾ ಹಿಡಿದು ಚಾವಡಿಗೆ ಬಂದೆ. ಸೋಫಾದ ಪ್ಲಾಸ್ಟಿಕ್ ಇಲ್ಲ! ಮೆತ್ತಗಿನ ಬಟ್ಟೆಯ ಮೇಲೆ ಅತ್ತೆ ಕಾಲು ಮಡಚಿ ಆರಾಮವಾಗಿ ಕೂತಿದ್ದರು. "ನೀನೇ ಹೇಳಿದ್ದಲ್ವಾ, ನೇರ ತಾಗಬೇಕು ಅಂತ. ಬಾ, ಕೂತುಕೋ" ಎಂದು ತಮ್ಮ ಪಕ್ಕವನ್ನು ತಟ್ಟಿ ತೋರಿಸಿದರು.

ಇಷ್ಟು ವರ್ಷ ಆ ಪ್ಲಾಸ್ಟಿಕ್ಕಿಗೆ ನಕ್ಕವಳು ನಾನು. ಆದರೆ ಸೋಫಾದ ಆ ಬಿಳಿ ಬಟ್ಟೆಯನ್ನೂ ಕೈಯಲ್ಲಿದ್ದ ಚಾವನ್ನೂ ಒಟ್ಟಿಗೆ ಕಂಡದ್ದೇ, "ಅಯ್ಯೋ, ಕಲೆ ಆದರೆ!" ಎಂದು ಬಾಯಿಂದ ಬಂದೇಬಿಟ್ಟಿತು. ಒಳಗೆ ಓಡಿ ಮೈ ಒರೆಸುವ ಒಂದು ಬೈರಾಸು ತಂದು, ಸೋಫಾದ ಮೇಲೆ ಹಾಸಿ, ಅದರ ಮೇಲೆ ಕೂತು ಚಾ ಕುಡಿದೆ. ರಾತ್ರಿ ಅತ್ತೆ ಯಾರಿಗೋ ಫೋನಿನಲ್ಲಿ ಬೈರಾಸಿನ ಕತೆ ಹೇಳಿ ನಗುವುದು ಕೇಳಿಸಿತು.