ಹತ್ತರಿಂದ ಐದರವರೆಗೆ ಹಿರಿಯರು

ದೇಶದಲ್ಲಿ ಮುದುಕರು ಹೆಚ್ಚುತ್ತಿದ್ದಾರೆ, ಸಮಾಜ ಏನಾದರೂ ಮಾಡಬೇಕು ಎಂಬ ಸಂಗತಿ ಕೊಣ್ಣೂರಿನ ದುಂಡಪ್ಪನಿಗೆ ತಿಳಿದದ್ದು ಗೋಕಾಕದಲ್ಲಿ ಕೇಳಿದ ಒಂದು ಭಾಷಣದಿಂದ. ದೇಶದ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಹೆಚ್ಚಾಗಿದ್ದದ್ದು ಒಬ್ಬರೇ, ಆ ಒಬ್ಬರೇ ಸಾಕುಬೇಕು ಮಾಡಿದ್ದರು.

ಆ ಒಬ್ಬರು ಅವನ ಅಕ್ಕ ಕಾಶೆವ್ವ, ವಯಸ್ಸು ಎಪ್ಪತ್ತೊಂಬತ್ತು. ದುಂಡಪ್ಪ ಅಕ್ಕನ ಮಗಳು ಶೈಲಾಳನ್ನೇ ಮಾಡಿಕೊಂಡವನು. ಹೀಗಾಗಿ ಕಾಶೆವ್ವ ಅಕ್ಕನೂ ಹೌದು, ಅತ್ತೆಯೂ ಹೌದು. (ಉಳಿದ ಗಂಡಸರನ್ನು ಇಬ್ಬರು ಹಂಚಿಕೊಂಡು ಬೈಯುತ್ತಾರೆ. ಇವನಿಗೆ ಒಬ್ಬಳೇ ಎರಡೂ ಹುದ್ದೆಯಿಂದ ಬೈಯುತ್ತಿದ್ದಳು.)

ಹೈಸ್ಕೂಲಿನ ಗುಮಾಸ್ತಿಕೆಯಿಂದ ನಿವೃತ್ತನಾಗಿ ಮೂರು ವರ್ಷವಾದ ದುಂಡಪ್ಪನಿಗೆ ಉಳಿದಿದ್ದ ಮಹತ್ವಾಕಾಂಕ್ಷೆ ಒಂದೇ: ಮಧ್ಯಾಹ್ನ ಉಂಡ ಮೇಲೆ ಪಡಸಾಲೆಯ ಫ್ಯಾನಿನ ಕೆಳಗೆ ಎರಡು ತಾಸು ನಿದ್ದೆ. ಅವನು ಕಣ್ಣು ಮುಚ್ಚುವುದೇ ತಡ, ಕಾಶೆವ್ವ ಒಂದು ಮೊರ ತಂದು ಅವನ ಹೊಟ್ಟೆಯ ಮೇಲೆ ಇಡುತ್ತಿದ್ದಳು.

"ಏಳೋ ದುಂಡಪ್ಪ. ಸುಮ್ನ ಬಿದ್ಕೊಂಡ್ರ ಮೈಗೆ ತುಕ್ಕ ಹಿಡೀತೈತಿ. ಬಳ್ಳೊಳ್ಳಿ ಸುಲಿ."

ಮೂರು ವರ್ಷದಲ್ಲಿ ಅವನು ಸುಲಿದ ಬೆಳ್ಳುಳ್ಳಿಯಿಂದ ಚಟ್ನಿ ಮಾಡಿದ್ದರೆ ಇಡೀ ಗೋಕಾಕ ತಾಲೂಕು ರೊಟ್ಟಿಗೆ ಹಚ್ಚಿಕೊಂಡು ಉಣ್ಣಬಹುದಿತ್ತು.

ಆದ್ದರಿಂದ ಅವನು ಸಮಾಜಸೇವೆಗೆ ಇಳಿದ. ತಿಂಗಳುಗಟ್ಟಲೆ ಓಡಾಡಿ, ಖಾಲಿ ಬಿದ್ದಿದ್ದ ಮಂಗಲ ಕಾರ್ಯಾಲಯದಲ್ಲಿ 'ಹಿರಿಯರ ಆರಾಮ ಮನಿ'ಯನ್ನು ಸ್ಥಾಪಿಸಿಯೇ ಬಿಟ್ಟ. ಜಮಖಾನೆ, ಕೇರಂ ಬೋರ್ಡು, ಎರಡು ಹೊತ್ತು ಚಹಾ. ನಿಯಮಾವಳಿಯನ್ನೂ ತಾನೇ ಬರೆದ. ಅರವತ್ತು ದಾಟಿದವರಿಗೆ ಮಾತ್ರ ಪ್ರವೇಶ. ವಯಸ್ಸನ್ನು ಮುಖ ನೋಡಿ ಹೇಳುವಂತಿಲ್ಲ, ಆಧಾರ್ ಕಾರ್ಡು ನೋಡಿಯೇ ಬರೆಯಬೇಕು. ಇನ್ನು ಸಹಿ ಮಾಡಿ ಒಳಗೆ ಬಂದವರನ್ನು ಸಂಜೆ ಐದರ ತನಕ ಹೊರಗೆ ಬಿಡುವಂತಿಲ್ಲ. "ಹಿರಿಯಾರು ಬಿಸಲಾಗ ಅಡ್ಡಾಡಬಾರದು ನೋಡ್ರಿ" ಎಂದು ಊರಿಗೆ ವಿವರಿಸಿದ. ಅವನ ನಿದ್ದೆಯೆಲ್ಲ ಆ ನಿಯಮದ ಮೇಲೆಯೇ ನಿಂತಿತ್ತು.

ಅಲ್ಲಿ ಮದುವೆಗಳು ನಡೆಯುತ್ತಿದ್ದ ಕಾಲದ ಕಾವಲುಗಾರ ಕರೆಪ್ಪನನ್ನೇ ಬಾಗಿಲಿಗೆ ಕೂರಿಸಿದ. ರಸೀದಿ ತಂದಿಲ್ಲವೆಂದು ಹಿಂದೊಮ್ಮೆ ಮದುಮಗನನ್ನೇ ಬಾಸಿಂಗದ ಸಮೇತ ಅರ್ಧ ತಾಸು ಹೊರಗೆ ನಿಲ್ಲಿಸಿದ ಮನುಷ್ಯ ಅವನು.

ಉದ್ಘಾಟನೆಯ ದಿನ ದುಂಡಪ್ಪ ಎಲ್ಲರಿಗೂ ಮೇಲ್ಪಂಕ್ತಿಯಾಗಲೆಂದು ತಾನೇ ಮೊದಲು ಕಾರ್ಡು ತೋರಿಸಿ, ಸಹಿ ಹಾಕಿ, ಒಳಗೆ ಹೋಗಿ ಭಾಷಣ ಮಾಡಿದ. ಹಿರಿಯರು ಸಮಾಜದ ಆಸ್ತಿ, ಅವರ ಕೈಗೆ ಸದಾ ಒಂದು ಹಗುರ ಕೆಲಸವಿರಬೇಕು ಎಂದ. ಏಳೆಂಟು ಮುದುಕರು ಚಹಾದ ದಾರಿ ನೋಡುತ್ತ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಶೈಲಾ ತಾಯಿಯನ್ನು ಕರೆತಂದಳು. ಕಾಶೆವ್ವ ಹೊಸ ಇಳಕಲ್ ಸೀರೆಯುಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು, ಒಂದು ಮಾತೂ ಎದುರಾಡದೆ ಬಂದಿದ್ದಳು. ಕರೆಪ್ಪ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದ. ಆಮೇಲೆ ದೂರ ಹಿಡಿದ.

"ನಿಮ್ಮನ್ನ ತಗೊಳ್ಳಾಕ ಬರೂದಿಲ್ರಿ. ಐವತ್ತೆಂಟೈತಿ."

ದುಂಡಪ್ಪ ಒಳಗಿಂದ ಓಡಿಬಂದ. "ಕರೆಪ್ಪಾ, ಈಕಿ ನಮ್ಮಕ್ಕ ಅದಾಳೊ. ನನ್ನ ಟೊಂಕದ ಮ್ಯಾಲ ಹೊತ್ತ ಬೆಳಸಿದಾಕಿ."

"ಕಾರ್ಡಿನಾಗ ನಿಮಗ ಅರವತ್ತಮೂರ, ಅವ್ರಿಗೆ ಐವತ್ತೆಂಟ. ಹುಟ್ಟೂಕಿಂತ ಮೊದಲ ಹ್ಯಾಂಗ ಹೊರತಾರ್ರಿ?"

"ನನಗ ಈಗ ಐವತ್ತೈದ" ಎಂದು ಶೈಲಾ ಬೆರಳು ಮಡಚಿದಳು. "ಅಂದ್ರ ಅವ್ವ ಮೂರ ವರ್ಷದ ಕೂಸಿದ್ದಾಗ ನನ್ನ ಹಡದಾಳ."

"ಕಾರ್ಡ ತಪ್ಪೈತೊ ಮಾರಾಯಾ. ಅಕ್ಕಾ, ನಿನ್ನ ವಯಸ್ಸ ಹಿಂಗ ಬರಸಿದಾಂವ ಯಾಂವ?"

ಕಾಶೆವ್ವ ಸೆರಗು ಸರಿಮಾಡಿಕೊಂಡಳು. "ಹೊಲಿಗಿ ಮಷೀನ ನೆನಪೈತೇನು?"

ದುಂಡಪ್ಪನಿಗೆ ಚೆನ್ನಾಗಿಯೇ ನೆನಪಿತ್ತು. ಹದಿನಾಲ್ಕು ವರ್ಷದ ಹಿಂದೆ ಯಾವುದೋ ಸಂಘದವರು ನಲವತ್ತೈದರೊಳಗಿನ ಹೆಣ್ಣುಮಕ್ಕಳಿಗೆ ಪುಕ್ಕಟೆ ಹೊಲಿಗೆ ಮಷೀನು ಹಂಚಿದ್ದರು. ಶೈಲಾಳಿಗೆ ಒಂದು ಬಂತು. ಆಸೆ ತಡೆಯದೆ, ಅದೇ ವಾರ ಆಧಾರ್ ಮಾಡಿಸಲು ಹೋದಾಗ, ಅರವತ್ತೈದರ ಅಕ್ಕನಿಗೆ ನಲವತ್ತನಾಲ್ಕು ಎಂದು ಬರೆಸಿ ಇನ್ನೊಂದು ತಂದಿದ್ದ. ಈಗ ಒಂದರ ಮೇಲೆ ಟಿವಿ ಕೂತಿದೆ, ಇನ್ನೊಂದರ ಮೇಲೆ ಕುಡಿಯುವ ನೀರಿನ ಕೊಡ.

"ಮಷೀನ ಬೇಕಾದಾಗ ಹರೇದಾಕಿನ್ನ ಮಾಡಿದಿ, ನಿದ್ದಿ ಬೇಕಾದಾಗ ಮುದುಕಿನ್ನ ಮಾಡಾಕ ಹೊಂಟಿ" ಎಂದಳು ಕಾಶೆವ್ವ. ಆಮೇಲೆ ದನಿ ಸ್ವಲ್ಪ ತಗ್ಗಿತು. "ನನ್ನ ಹೊರಗ ಹಾಕಾಕ ಇಷ್ಟ ದೊಡ್ಡ ಸಂಸ್ಥಾ ಕಟ್ಟಬೇಕಿತ್ತೇನೊ? 'ಅಕ್ಕಾ, ಎರಡ ತಾಸ ಮಲಗತೇನಿ' ಅಂದಿದ್ರ ಮುಗೀತಿತ್ತ."

ದುಂಡಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು. ಹೊತ್ತು ಬೆಳೆಸಿದವಳನ್ನು ಬೆಳ್ಳುಳ್ಳಿಗೆ ಅಂಜಿ ಸಾಗಹಾಕಲು ಹೊರಟಿದ್ದೆನಲ್ಲ ಎಂದುಕೊಂಡ. "ನಡಿ ಅಕ್ಕಾ, ಮನಿಗೆ ಹೋಗೂಣು" ಎಂದು ಚಪ್ಪಲಿಗೆ ಕಾಲು ಹಾಕಿದ.

ಕರೆಪ್ಪ ಬಾಗಿಲಿಗೆ ಕೈ ಅಡ್ಡ ಹಿಡಿದ. "ನೀವೆಲ್ಲಿ ಹೊಂಟ್ರಿ? ಸಹಿ ಮಾಡೀರಿ. ಐದರ ತನಕ ಬಿಡಾಕ ಬರೂದಿಲ್ಲ."

"ನಾ ಅಧ್ಯಕ್ಷ ಅದೇನಿ."

"ನಿಯಮಾನೂ ನೀವ ಬರದೀರಿ."

ಕಾಶೆವ್ವ ಆಗಲೇ ಮೆಟ್ಟಿಲಿಳಿದಿದ್ದಳು. ತಿರುಗಿ ನೋಡಿ, ವಯಸ್ಸಿನಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟು ಕೈ ಮುಗಿದಳು. "ಬರ್ತೇನ್ರಿ ಅಣ್ಣಾರ. ಬಿಸಲಾಗ ಅಡ್ಡಾಡಬ್ಯಾಡ್ರಿ. ಫ್ಯಾನಿನ ಬುಡಕ ನಾ ಮಲಗತೇನಿ."

ಎರಡು ಗಂಟೆಗೆ ದುಂಡಪ್ಪ ಜಮಖಾನೆಯ ಮೇಲೆ ಒರಗಿದ. ಮುದುಕರು ಕೇರಂ ಕಾಯಿಗಾಗಿ ಜಗಳಾಡುತ್ತಿದ್ದರು. ಆದರೂ ಹೇಗೋ ಕಣ್ಣು ಹತ್ತಿತು. ಹತ್ತಿದ್ದಷ್ಟೇ, ಹೊಟ್ಟೆಯ ಮೇಲೆ ಏನೋ ಭಾರ ಬಿತ್ತು. ನೋಡಿದರೆ ಮೊರದ ತುಂಬ ಬೆಳ್ಳುಳ್ಳಿ, ಎದುರಿಗೆ ದಾಖಲೆ ಪುಸ್ತಕ ಹಿಡಿದ ಕರೆಪ್ಪ.

"ಹಗುರ ಕೆಲಸ, ನಿಮ್ಮ ತಂಗ್ಯಾರು ಕಳಿಸ್ಯಾರ್ರಿ" ಎಂದ ಅವನು. "ಇಲ್ಲಿ ಸಹಿ ಮಾಡಿ ಸುಲೀರಿ."