ಅಲುಗದ ಮೂರಡಿ ನೆಲ

ನೆಲ ನಡುಗುವುದನ್ನು ಅಳೆಯುವ ಕೆಲಸದಲ್ಲಿ ಹತ್ತು ವರ್ಷದಿಂದ ಇದ್ದೇನೆ. ಇಷ್ಟು ವರ್ಷದಲ್ಲಿ ನೆಲದಿಂದ ನನಗೆ ಒಂದು ತೊಂದರೆಯೂ ಆಗಿಲ್ಲ. ಆದದ್ದೆಲ್ಲ ಅದರ ಮೇಲೆ ಓಡಾಡುವವರಿಂದ, ಅದೂ ವಾರಕ್ಕೊಂದು ಸಲ ತಪ್ಪದೆ.

ಕೆಜಿಎಫ್‌ನ ಹಳೇ ಗಣಿಗಳು ಮುಚ್ಚಿ, ಒಳಗೆಲ್ಲ ನೀರು ತುಂಬಿಕೊಂಡಿದೆ. ಆದರೂ ಆಳದಲ್ಲಿ ಎಲ್ಲೋ ಬಂಡೆ ಆಗಾಗ ಸಿಡಿಯುತ್ತದೆ, ಮೇಲೆ ನೆಲ ಸಣ್ಣಗೆ ಅದುರುತ್ತದೆ. ಆ ಅದುರನ್ನು ಬರೆದುಕೊಳ್ಳುವ ಯಂತ್ರವೊಂದನ್ನು ಕೊಟ್ಟು ನಮ್ಮ ಪ್ರೊಫೆಸರು ನನ್ನನ್ನು ಬಂಗಾರಪೇಟೆಗೆ ಕಳಿಸಿದರು. ಯಂತ್ರ ನೋಡಲು ಸಾರಿನ ತಪ್ಪಲೆಯಷ್ಟು. ಸೂಕ್ಷ್ಮ ಎಷ್ಟೆಂದರೆ ಹತ್ತು ಮಾರು ಆಚೆ ಯಾರಾದರೂ ನಡೆದು ಹೋದರೂ ಗೀಟು ಎಳೆಯುತ್ತದೆ. ಹಾಗಾಗಿ ಅದಕ್ಕೆ ಬೇಕಾದದ್ದು ಗಟ್ಟಿ ಬಂಡೆಯ ಮೇಲೆ, ಜನ ದನ ಸುಳಿಯದ, ಅಲುಗದ ಮೂರಡಿ ನೆಲ. ಆರು ತಿಂಗಳೊಳಗೆ ಸತತ ಮೂವತ್ತು ದಿನ ಗದ್ದಲವಿಲ್ಲದ ದಾಖಲೆ ತೋರಿಸಿದರೆ ಕೇಂದ್ರ ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಯಂತ್ರ ಬೇರೆ ಜಿಲ್ಲೆಗೆ ಹೋಗುತ್ತದೆ, ನೀನು ಬೇರೆ ಕೆಲಸ ನೋಡಿಕೋ ಎಂದು ಪ್ರೊಫೆಸರು ಹೇಳಿಬಿಟ್ಟಿದ್ದರು. ಇಡೀ ತಾಲ್ಲೂಕಿನಲ್ಲಿ ಮೂರಡಿ ಸಿಗುವುದಿಲ್ಲವೇ ಎಂದುಕೊಂಡು ನಾನು ಸ್ಕೂಟರ್ ಹತ್ತಿದೆ. ಆಮೇಲಿನ ಆರು ತಿಂಗಳು ನೆಮ್ಮದಿಯಾಗಿ ಒಂದು ಕಡೆ ಕೂತ ನೆನಪಿಲ್ಲ.

ಬಾಡಿಗೆ ಮನೆ

ಮೊದಲು ನನಗೇ ಒಂದು ಜಾಗ ಬೇಕಿತ್ತಲ್ಲ. ಬಂಗಾರಪೇಟೆ ಸ್ಟೇಷನ್ನಿನ ಆಚೆ ಬೀದಿಯಲ್ಲಿ ಮನೆ ಕೇಳಲು ಹೋದೆ. ಏನು ಕೆಲಸ ಎಂದು ಕೇಳಿದರು. ಭೂಕಂಪ ಅಳೆಯುವುದು ಎಂದೆ. ಮೊದಲನೇ ಮನೆಯವರು ನಾಳೆ ಹೇಳುತ್ತೇವೆ ಅಂದರು. ಎರಡನೇ ಮನೆಯವರು, ಹಿಂದೆ ಇದ್ದ ಊರಿನಲ್ಲಿ ಎಷ್ಟು ಸಲ ಆಗಿತ್ತು ಎಂದು ವಿಚಾರಿಸಿದರು. ಮೂರು ಸಲ ಎಂದು ನಿಜ ಹೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾನು ಆ ಊರಿಗೆ ಹೋದ ಮೇಲೆ ಆಗಿತ್ತೋ ಹೋಗುವ ಮುಂಚೆಯೋ ಎಂದು ಆಕೆ ಕೇಳಿದಾಗ, ಇಲ್ಲಿ ಮನೆ ಸಿಗುವುದಿಲ್ಲ ಎಂದು ಗೊತ್ತಾಯಿತು.

ಮೂರನೇ ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಅವರು ಹೆದರಲಿಲ್ಲ, ಒಂದು ಷರತ್ತು ಹಾಕಿದರು. ಭೂಕಂಪ ಆಗುವುದಕ್ಕೆ ಒಂದು ದಿನ ಮುಂಚೆ ನಾನು ಅವರಿಗೆ ತಿಳಿಸಬೇಕು. ಅದು ಮೊದಲೇ ಯಾರಿಗೂ ಗೊತ್ತಾಗುವುದಿಲ್ಲ ಸಾರ್, ಆದ ಮೇಲೇ ಗೊತ್ತಾಗುವುದು ಎಂದು ಅರ್ಧ ಗಂಟೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಬೀಗದಕೈ ಕೊಟ್ಟರು.

"ಆದಮೇಲೆ ನಮಗೇ ಗೊತ್ತಾಗ್ತದಲ್ಲಮ್ಮ," ಎಂದರು. "ಮತ್ತೆ ನಿನಗೆ ಯಾಕೆ ಸಂಬಳ ಕೊಡ್ತಾರೆ?"

ಏಳನೇ ಕ್ಲಾಸು, ಎಂಟನೇ ಕ್ಲಾಸು

ಯಂತ್ರಕ್ಕೆ ಮೊದಲು ಸಿಕ್ಕಿದ ಜಾಗ ಬೂದಿಕೋಟೆ ಕಡೆಯ ಒಂದು ಶಾಲೆ. ಹಿಂಬದಿಯಲ್ಲಿ, ಬಂಡೆಗೆ ಅಂಟಿಕೊಂಡಂತೆ ಹಳೇ ಸಾಮಾನಿನ ಕೋಣೆ ಇತ್ತು. ಹೆಡ್‌ಮಾಸ್ಟರು ತುಂಬ ಸಂತೋಷದಿಂದ ಕೊಟ್ಟರು. ವಿಜ್ಞಾನದ ಮೇಷ್ಟ್ರು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಯಂತ್ರ ತೋರಿಸಿದರು. ಇದರ ಹತ್ತಿರ ಸದ್ದು ಮಾಡಬಾರದು, ಓಡಬಾರದು, ಕುಣಿದರೆ ಅದೂ ಇದರಲ್ಲಿ ಬರುತ್ತದೆ ಎಂದು ನಾನು ಭಾಷಣ ಮಾಡಿದೆ. ಕೊನೇ ಮಾತನ್ನು ಹೇಳಬಾರದಿತ್ತು.

ವಾರ ಬಿಟ್ಟು ದಾಖಲೆ ತೆಗೆದು ನೋಡಿದೆ. ದಿನಾ ಹನ್ನೊಂದೂ ಕಾಲಿಗೆ ಸರಿಯಾಗಿ ದೊಡ್ಡ ಕಂಪನ, ಹತ್ತು ನಿಮಿಷ ಬಿಟ್ಟು ಇನ್ನೊಂದು. ಭಾನುವಾರ ಮಾತ್ರ ನೆಲ ರಜೆ ಹಾಕಿತ್ತು.

ಮರುದಿನ ಹನ್ನೊಂದು ಗಂಟೆಗೇ ಹೋಗಿ ಮರೆಯಲ್ಲಿ ನಿಂತೆ. ಗಂಟೆ ಹೊಡೆಯಿತು. ಏಳನೇ ಕ್ಲಾಸು ಪೂರ್ತಿ ಕೋಣೆಯ ಗೋಡೆ ಪಕ್ಕಕ್ಕೆ ಬಂದು ನಿಂತಿತು. ವಿಜ್ಞಾನದ ಮೇಷ್ಟ್ರು ಒನ್, ಟೂ, ತ್ರೀ ಎಂದರು. ಎಲ್ಲರೂ ಒಟ್ಟಿಗೆ ನೆಗೆದು ಬಿದ್ದರು. ಅವರು ಹೋದ ಮೇಲೆ ಎಂಟನೇ ಕ್ಲಾಸು ಬಂತು.

ಪ್ರಾಯೋಗಿಕವಾಗಿ ಕಲಿತರೆ ಮರೆಯುವುದಿಲ್ಲ ಮೇಡಂ ಎಂದು ಮೇಷ್ಟ್ರು ವಿನಯದಿಂದ ಹೇಳಿದರು. ಬೈಯುವುದು ಹೇಗೆಂದು ತಿಳಿಯದೆ, ಬೇರೆ ಜಾಗ ನೋಡಿಕೊಳ್ಳುತ್ತೇನೆ ಎಂದು ಯಂತ್ರ ಬಿಚ್ಚತೊಡಗಿದೆ. ಮಕ್ಕಳು ಸುತ್ತ ನಿಂತು, ಯಾವ ಕ್ಲಾಸಿನದು ದೊಡ್ಡದು ಬಂದಿದೆ ಎಂದು ಕೇಳಿದರು. ಬೇಸರದಲ್ಲಿದ್ದವಳು ಯೋಚನೆ ಮಾಡದೆ ಏಳನೇ ಕ್ಲಾಸು ಎಂದುಬಿಟ್ಟೆ.

ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟುವಷ್ಟರಲ್ಲಿ ಎಂಟನೇ ಕ್ಲಾಸಿನ ಲೀಡರು ಹಾಳೆ ಹಿಡಿದು ಬಂದಳು. ಕೆಳಗೆ ಎಲ್ಲರೂ ರುಜು ಹಾಕಿದ್ದರು. ಆ ವಾರ ತಮ್ಮಲ್ಲಿ ನಾಲ್ಕು ಜನಕ್ಕೆ ಜ್ವರ ಬಂದಿದ್ದರಿಂದ ದಯವಿಟ್ಟು ಮರುಪರೀಕ್ಷೆ ನಡೆಸಬೇಕೆಂದು ಕೋರಿದ್ದರು.

ಬೋರ್ಡಿನ ನಂಬರು

ಇದರಿಂದ ಬುದ್ಧಿ ಕಲಿತು, ಮುಂದಿನ ಜಾಗಕ್ಕೆ ಮುಂಚೆಯೇ ಒಂದು ಬೋರ್ಡು ಬರೆಸಿದೆ. ಕಂಪನ ಅಳೆಯುವ ಯಂತ್ರ, ಮುಟ್ಟಬೇಡಿ, ವಿಚಾರಣೆಗೆ ಈ ನಂಬರಿಗೆ ಫೋನ್ ಮಾಡಿ ಎಂದು. ನಂಬರು ನನ್ನದೇ. ಬೋರ್ಡು ಬರೆಯುವವರು ಅದನ್ನು ಒಣಗಲೆಂದು ಎರಡು ದಿನ ಅಂಗಡಿಯ ಮುಂದೆ, ಬಂಗಾರಪೇಟೆ ಬಸ್‌ಸ್ಟಾಂಡಿನ ದಾರಿಯಲ್ಲೇ, ಇಟ್ಟಿದ್ದರು.

ಮೊದಲ ಫೋನು ಒಬ್ಬ ಹೆಂಗಸಿನದು. ಅವರ ಮೇಲಿನ ಮನೆಯವರು ದಿನಾ ಮಧ್ಯಾಹ್ನ ಎರಡು ಗಂಟೆಗೆ, ಸರಿಯಾಗಿ ಇವರು ಮಲಗುವ ಹೊತ್ತಿಗೆ, ಏನೋ ಕುಟ್ಟುತ್ತಾರಂತೆ. ಕೇಳಿದರೆ ಇಲ್ಲವೇ ಇಲ್ಲ ಅನ್ನುತ್ತಾರಂತೆ. ನಿಮ್ಮ ಮಿಷನ್ನು ಒಂದು ವಾರ ನಮ್ಮನೆಯಲ್ಲಿ ಇಡಿ, ಕಾಗದದಲ್ಲಿ ಬಂದರೆ ಅವರು ಏನು ಹೇಳುತ್ತಾರೆ ನೋಡೋಣ ಎಂದರು. ಇದು ಆ ಕೆಲಸಕ್ಕೆ ಅಲ್ಲಮ್ಮ ಎಂದು ಹೇಗೋ ಒಪ್ಪಿಸಿ ಫೋನ್ ಇಟ್ಟೆ.

ಸಂಜೆ ಇನ್ನೊಬ್ಬರು ಫೋನ್ ಮಾಡಿದರು. ಕೆಳಗಿನ ಮನೆಯವರು ಮಿಷನ್ನು ತರಿಸುತ್ತಿದ್ದಾರಂತೆ, ನಿಜವೇ ಎಂದರು. ಇಲ್ಲ, ತರುತ್ತಿಲ್ಲ ಎಂದು ಭರವಸೆ ಕೊಟ್ಟೆ. ಆಕೆ ನಿಟ್ಟುಸಿರು ಬಿಟ್ಟು, ಮೆಲ್ಲಗೆ ಕೇಳಿದರು:

"ಹಂಗಾದ್ರೆ ಚಟ್ನಿಪುಡಿ ಈಗ ಕುಟ್ಕೋಬೋದಾ ಮೇಡಂ?"

ಬೇಲಿ

ಎರಡನೇ ಜಾಗ ಕಾಮಸಮುದ್ರದ ಆಚೆ, ಹೊಲದ ನಡುವೆ. ಇಬ್ಬರೇ ಇರುವ ಮನೆ, ನಾಲ್ಕು ಎಮ್ಮೆ, ಹಿಂದೆ ಒಳ್ಳೇ ಕರೀ ಬಂಡೆ. ಮನೆಯ ಯಜಮಾನಿ ಐವತ್ತು ದಾಟಿದ ಹೆಂಗಸು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಿದ್ದರು. ಬಂಡೆ ಮೇಲೆ ಏನು ಬೇಕಾದರೂ ಇಟ್ಟುಕೋ, ಹೋಗುವಾಗ ಕಾಫಿ ಕುಡಿದು ಹೋಗು, ಅಷ್ಟೇ ಅವರ ಷರತ್ತು. ಎಮ್ಮೆ ಹತ್ತಿರ ಬರಬಾರದಲ್ಲ ಎಂದು ಕೆಜಿಎಫ್‌ನಿಂದ ಕಬ್ಬಿಣದ ಕಂಬ ತರಿಸಿ, ಸಿಮೆಂಟು ಹಾಕಿ, ಯಂತ್ರದ ಸುತ್ತ ಆನೆ ತಳ್ಳಿದರೂ ಬೀಳದಂಥ ಬೇಲಿ ಮಾಡಿಸಿದೆ.

ವಾರದ ದಾಖಲೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಒಂದೇ ಸಮನೆ ಅಲೆ ಅಲೆಯಾಗಿ ಬಂದಿತ್ತು. ಪ್ರೊಫೆಸರಿಗೆ ಕಳಿಸಿದೆ. ಭೂಮಿಯೊಳಗೆ ನೀರು ಚಲಿಸುವಾಗ ಹೀಗೆ ಬರಬಹುದು ಎಂದು ಅವರಿಗೆ ಉತ್ಸಾಹ ಬಂತು. ನಾಲ್ಕು ದಿನ ನಾವಿಬ್ಬರೂ ನಿಂತಲ್ಲಿ ನಿಲ್ಲಲಿಲ್ಲ. ಐದನೇ ದಿನ ಮನಸ್ಸು ತಡೆಯದೆ ಬೆಳಗಿನ ಬಸ್ಸಿಗೇ ಹೊರಟುಹೋದೆ.

ನಾಲ್ಕರಲ್ಲಿ ದೊಡ್ಡ ಎಮ್ಮೆ ನನ್ನ ಬೇಲಿಯ ಮೂಲೆ ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹಿಂದಕ್ಕೂ ಮುಂದಕ್ಕೂ ಉಜ್ಜಿಕೊಳ್ಳುತ್ತಿತ್ತು. ಉಳಿದ ಮೂರು ಹಿಂದೆ ಸಾಲಾಗಿ ಕಾಯುತ್ತಿದ್ದವು.

ಯಜಮಾನಿ ಕಾಫಿ ಹಿಡಿದು ಬಂದರು. ಇದನ್ನು ಯಾಕಮ್ಮ ತಡೆಯಲಿಲ್ಲ ಎಂದರೆ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಬೆನ್ನು ಕೆರ್ಕೊಳ್ಳಾಕೇ ನೀನು ಆಕ್ಸಿಕೊಟ್ಟೆ ಅಂದ್ಕೊಂಡೆ ಕಣಮ್ಮ," ಎಂದರು. "ಅವತ್ತಿಂದ ಅರ್ಧ ಲೀಟ್ರು ಜಾಸ್ತಿ ಆಲು ಕೊಡ್ತಾವೆ."

ಪ್ರೊಫೆಸರಿಗೆ ಫೋನ್ ಮಾಡಿ, ಭೂಮಿಯೊಳಗೆ ನೀರಲ್ಲ ಸಾರ್, ಮೇಲೆ ಎಮ್ಮೆ ಎಂದು ಹೇಳಿದೆ. ಬೇಲಿ ಕಿತ್ತುಕೊಂಡು ಬಾ ಎಂದರು. ನಾನು ಕಂಬಕ್ಕೆ ಕೈ ಹಾಕಿದ್ದೇ ಯಜಮಾನಿ ಕಂಬಕ್ಕೂ ನನಗೂ ನಡುವೆ ಬಂದು ನಿಂತರು. ಅವರ ಹಿಂದೆ ಎಮ್ಮೆಗಳು ನಿಂತವು. ನಾನು ಯಂತ್ರ ಮಾತ್ರ ತೆಗೆದುಕೊಂಡು ಬಂದೆ.

ಕಲ್ಲು ಮತ್ತು ನಾನು

ಕೊಟ್ಟ ಅವಧಿಯಲ್ಲಿ ಒಂದೂವರೆ ತಿಂಗಳು ಮಾತ್ರ ಉಳಿದಿತ್ತು. ಊಟ ಸೇರುತ್ತಿರಲಿಲ್ಲ. ಬೀದಿಯಲ್ಲಿ ಲಾರಿ ಹೋದರೂ, ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿದರೂ ಮನಸ್ಸಿನಲ್ಲೇ ಗೀಟು ಎಳೆದುಕೊಳ್ಳುವಂತಾಗಿತ್ತು. ಆಗ ಕೆಜಿಎಫ್‌ನ ಹಳೇ ಗಣಿ ಕಾಲೊನಿ ಚಾಂಪಿಯನ್ ರೀಫ್ಸ್‌ನಲ್ಲಿ ಒಬ್ಬ ತಾತ ಸಿಕ್ಕರು.

ಮೂವತ್ತು ವರ್ಷ ಗಣಿಯೊಳಗೆ ಡ್ರಿಲ್ ಹಿಡಿದವರು. ಸಾಲುಮನೆಗಳ ಕೊನೆಯ ಮನೆ ಅವರದು. ಪಕ್ಕದ ಮೂರು ಮನೆಗೆ ಬೀಗ. ಮಗ ಸೊಸೆ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೇ ಬರುವುದು. ಹಿತ್ತಲಲ್ಲಿ ಬರಿಯ ಬಂಡೆ. ತಾತ ಇಡೀ ದಿನ ಅಲ್ಲಿ ಬೇವಿನ ಮರದ ಕೆಳಗೆ ನಾರಿನ ಮಂಚದ ಮೇಲೆ ಮಲಗಿರುತ್ತಿದ್ದರು. ತಮಿಳಿನಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವವರು. ಯಂತ್ರ ಏನು ಮಾಡುತ್ತದೆಂದು ವಿವರಿಸಿದೆ. ಬಂಡೆ ಸಿಡಿದರೆ ತಮ್ಮ ಬೆನ್ನಿಗೇ ಗೊತ್ತಾಗುತ್ತದೆ, ಅದಕ್ಕೆ ಮಿಷನ್ ಯಾಕೆ ಎಂದರು. ಆದರೂ ಯಂತ್ರ ಕೂರಿಸಲು ಬಂಡೆಯಲ್ಲಿ ಗುಂಡಿ ಕೊರೆಯಲು ಒಪ್ಪಿದರು.

ಇಲ್ಲಿ ಯಾರೂ ಓಡಾಡಬಾರದು ತಾತ ಎಂದು ನಾನು ಒಂದೇ ಸಲ ಹೇಳಿದ್ದು. ಅವರು ಅದನ್ನು ಶಿಫ್ಟಿನ ಆರ್ಡರಿನಂತೆ ತೆಗೆದುಕೊಂಡರು. ಹಾಲಿನವನು ಸೈಕಲ್ಲನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬರಬೇಕಾಯಿತು. ಎದುರು ಮನೆಯ ಮೇಕೆಗಳಿಗೆ ದಾರಿ ಬದಲಾಯಿತು. ಸೊಸೆ ಬಟ್ಟೆ ಒಗೆಯುವ ಕಲ್ಲು ಮುಂದಿನ ಅಂಗಳಕ್ಕೆ ಬಂತು. ಆಕೆ ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು.

ಹತ್ತು ದಿನದ ಮೇಲೆ ದಾಖಲೆ ಬಿಡಿಸಿದೆ. ನಾನು ಇಷ್ಟು ಸ್ವಚ್ಛವಾದ ಗೀಟು ಕಂಡಿರಲಿಲ್ಲ. ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತು ಗಂಟೆಗೆ ಮಾತ್ರ ಒಂದಿಷ್ಟು ಗದ್ದಲ. ಯಾರು ಬರುತ್ತಾರೆ ತಾತ ಎಂದು ಕೇಳಿದೆ. ನೀವೇ ಮೇಡಮ್ಮ, ದಿನಾ ಸರಿಯಾಗಿದೆಯಾ ಅಂತ ನೋಡಲು ಬರುತ್ತೀರಲ್ಲ ಎಂದರು. ಇನ್ನು ಮೇಲೆ ವಾರಕ್ಕೊಂದು ಸಲ ಬಂದರೆ ಸಾಕು, ಅದೂ ಚಪ್ಪಲಿ ರಸ್ತೆಯಲ್ಲಿ ಬಿಟ್ಟು ಬನ್ನಿ ಎಂದರು. ಲೆಕ್ಕ ಮತ್ತೆ ಒಂದನೇ ದಿನದಿಂದ ಶುರುವಾಯಿತು.

ಮೂವತ್ತು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ದಿನಾ ಬರಬಾರದು ಎಂದಿದ್ದಕ್ಕೆ ಬೀದಿಯ ತುದಿಯವರೆಗೆ ಸ್ಕೂಟರಿನಲ್ಲಿ ಹೋಗಿ ವಾಪಸು ಬರುತ್ತಿದ್ದೆ. ಗೀಟು ಕನ್ನಡಿಯಂತೆ ಇತ್ತು. ಆದರೆ ಈಗ ಹೊಸ ಚಿಂತೆ. ಈ ಮೂವತ್ತು ದಿನದಲ್ಲಿ ಬಂಡೆ ಒಂದು ಸಲವೂ ಸಿಡಿಯಲಿಲ್ಲ. ಯಂತ್ರವೇ ಸತ್ತಿದೆಯೋ ಏನೋ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಮೂವತ್ತೊಂದನೇ ದಿನ ಪ್ರೊಫೆಸರು ಇಬ್ಬರು ಅತಿಥಿ ವಿಜ್ಞಾನಿಗಳನ್ನು ಕರೆದುಕೊಂಡು ಬಂದರು. ಹಿತ್ತಲಲ್ಲಿ ನಾಲ್ಕು ಕುರ್ಚಿ ಹಾಕಿದೆವು. ಸೊಸೆ ಅಂದು ರಜ ಹಾಕಿ ಚಹಾ ಮಾಡಿಕೊಟ್ಟಳು. ತಾತ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ನಾನು ಅತಿಥಿಗಳಿಗೆ ನಿಯಮ ಹೇಳುತ್ತಿದ್ದೆ: ಈಗೇನಾದರೂ ಕಂಪನ ಬಂದರೆ ದಯವಿಟ್ಟು ಯಾರೂ ಏಳಬಾರದು, ಇದ್ದಲ್ಲೇ ಇರಬೇಕು, ಒಂದು ಹೆಜ್ಜೆ ಇಟ್ಟರೂ ಆರು ತಿಂಗಳ ಶ್ರಮ ಹಾಳಾಗುತ್ತದೆ.

ಮಾತು ಮುಗಿದು ಚಹಾದ ಲೋಟ ಬಾಯಿಗಿಟ್ಟೆ. ಕಾಲ ಕೆಳಗೆ ಯಾರೋ ಒಂದು ಲಾರಿ ಕಲ್ಲು ಸುರಿದಂತೆ ದಢಾರ್ ಎಂದಿತು. ಮನೆಯ ಚಾವಣಿಯ ಶೀಟುಗಳು ಗಡಗಡ ಎಂದವು.

ಮುಂದೆ ನನಗೆ ತಿಳಿದದ್ದು, ನಾನು ರಸ್ತೆಯಲ್ಲಿ, ನನ್ನ ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದೇನೆ. ಕೈಯಲ್ಲಿ ಲೋಟ ಇದೆ, ಚಹಾ ಇಲ್ಲ. ಹಿತ್ತಲಿನಿಂದ ರಸ್ತೆಗೆ ಹತ್ತಿರದ ದಾರಿ ಯಂತ್ರದ ಗುಂಡಿಯ ಮೇಲಿಂದ. ಅದನ್ನು ಹಾರಿಯೇ ಬಂದಿದ್ದೆ. ತಿರುಗಿ ನೋಡಿದರೆ ಪ್ರೊಫೆಸರು ಮತ್ತು ಇಬ್ಬರು ಅತಿಥಿಗಳು, ನಾನು ಹೇಳಿಕೊಟ್ಟಂತೆಯೇ, ಉಸಿರು ಬಿಗಿಹಿಡಿದು ಕುರ್ಚಿಗಳಲ್ಲಿ ಕೂತಿದ್ದರು. ಬಾಗಿಲಲ್ಲಿ ಸೊಸೆ ತಟ್ಟೆ ಹಿಡಿದು ಗೊಂಬೆಯಂತೆ ನಿಂತಿದ್ದಳು. ತಾತ ಮಗ್ಗುಲು ಬದಲಿಸಿರಲಿಲ್ಲ.

"ವಾಂಗೊ ಮೇಡಮ್ಮ, ಬನ್ನಿ," ಎಂದರು. "ಅದು ಆಗ್ಲೇ ನಿಂತೋಯ್ತು."

ಲ್ಯಾಪ್‌ಟಾಪ್ ತೆರೆದು ಎಲ್ಲರೂ ಬಗ್ಗಿ ನೋಡಿದರು. ನಾನು ಹಿಂದೆ ನಿಂತೆ. ಬಂಡೆ ಸಿಡಿದ ಕ್ಷಣ ಸ್ಪಷ್ಟವಾಗಿ, ಪಠ್ಯಪುಸ್ತಕಕ್ಕೆ ಹಾಕುವಂತೆ ಬಂದಿತ್ತು. ಎರಡು ಸೆಕೆಂಡು ಬಿಟ್ಟು ಅದರ ಎರಡರಷ್ಟು ಎತ್ತರಕ್ಕೆ ಒಂದಾದ ಮೇಲೊಂದು ಏಳು ಗೀಟು ಎದ್ದಿದ್ದವು. ಅತಿಥಿಗಳಲ್ಲಿ ಹಿರಿಯರು ಆ ಏಳನ್ನು ಗಂಭೀರವಾಗಿ ಎಣಿಸಿ, ಇವು ಮರುಕಂಪನಗಳೇ ಎಂದು ಕೇಳಿದರು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು. ಮೊದಲ ಎರಡು ಸೆಕೆಂಡು ಸಾಕು, ಯಂತ್ರ ಬದುಕಿದೆ, ಜಾಗ ಚೆನ್ನಾಗಿದೆ, ಕೇಂದ್ರ ಇಲ್ಲೇ ಇರಲಿ ಎಂದು ಅವರು ಹೇಳಿದಾಗ ಆರು ತಿಂಗಳಲ್ಲಿ ಮೊದಲ ಸಲ ನೆಮ್ಮದಿಯಾಗಿ ಅಲ್ಲೇ ಬಂಡೆಯ ಮೇಲೆ ಕೂತೆ.

ಹಿರಿಯ ಅತಿಥಿಗೆ ಮಾತ್ರ ಆ ಏಳು ಗೀಟಿನ ಅನುಮಾನ ಬಗೆಹರಿದಿರಲಿಲ್ಲ. ಆಗ ತಾತ ಮಂಚದಿಂದ ಎದ್ದು, ನಿಧಾನಕ್ಕೆ ಬಂದು, ಡ್ರಿಲ್ ಹಿಡಿದು ಗಂಟುಗಟ್ಟಿದ ಬೆರಳನ್ನು ಪರದೆಯ ಮೇಲಿಟ್ಟು ಒಂದೊಂದಾಗಿ ತೋರಿಸಿದರು.

"ಇದು ಕಲ್ಲು, ಸಾರ್. ಇದು ನಮ್ಮ ಮೇಡಮ್ಮ. ಮೇಡಮ್ಮನ್ದೇ ದೊಡ್ಡದು."