ಹೆಚ್ಚು ಹಾಲು ಕೊಟ್ಟ ಗವರವ್ವನ ಮೇಲೊಂದು ದೂರು

ಮಾನ್ಯ ಗವರವ್ವನವರೇ,

ದೇವಣಿ ಬಜಾರಿನಿಂದ ನಮ್ಮ ತುರೋರಿಯ ಮನೆಗೆ ದಯಮಾಡಿಸಿ ಕೊಟ್ಟಿಗೆಯ ಯಜಮಾನಿಕೆ ವಹಿಸಿಕೊಂಡ ಆಕಳಾದ ತಮಗೂ, ತಮ್ಮ ಕೋಡುಗಳಿಗೂ, ಚಿರಂಜೀವಿ ಕರುವಿಗೂ ಸಾರಿಕಾಳ ಅನಂತ ವಂದನೆಗಳು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕಿವಿಯಲ್ಲಿ ಹೇಳಹೋದರೆ ತಾವು ಕಿವಿ ಒದರುತ್ತೀರಿ.

ಕರು ಹಾಕಿದ ಮೇಲೆ ತಾವು ತಂಬಿಗೆಯ ಬದಲು ಕೊಡವನ್ನೇ ತುಂಬತೊಡಗಿದಿರಿ. ಊರೆಲ್ಲ ಹೊಗಳಿತು, ನಾನೂ ಕುಣಿದೆ. ಆದರೆ ಹಾಲಿನ ದುಡ್ಡು ಬ್ಯಾಂಕಿಗೆ ಬಿದ್ದದ್ದೇ ತಡ, ನಾನು ಹೊಲಿಗೆ ಅಂಗಡಿಗೆ ಹೋದಾಗ ನನ್ನ ಎರಡು ವರ್ಷದ ವೈಷ್ಣವಿಯನ್ನು ನೋಡಿಕೊಳ್ಳುವ ಉಮರ್ಗಾದ ಪಾಳಣಾಘರದಲ್ಲಿ ಶುಲ್ಕಕ್ಕೆಂದು ಸಿಗುತ್ತಿದ್ದ ನೆರವಿಗೆ ಕತ್ತರಿ ಬಿತ್ತು. "ನಿಮ್ಮ ಆದಾಯ ಏರ್ಯಾದ್ರೀ ಬಾಯಿ, ನೆರವು ಇಳೀತದ. ಒಮ್ಮಿಗೇ ಅಲ್ಲ, ಹಳೂಹಳೂ," ಎಂದು ಅಲ್ಲಿನ ಮಾಣಿಕಪ್ಪ ಸಾಹೇಬರು ಮಗುವಿಗೆ ಔಷಧ ಕುಡಿಸುವವರ ಹಾಗೆ ಮೆತ್ತಗೆ ಹೇಳಿದರು. ಹೆಚ್ಚಿನ ಹಾಲಿನ ದುಡ್ಡನ್ನೆಲ್ಲ ತಮ್ಮ ಹಿಂಡಿಯೇ ನುಂಗುತ್ತದೆಂದು ಹೇಳಿ ನೋಡಿದೆ; ಹಿಂಡಿ ಅವರ ಲೆಕ್ಕದಲ್ಲಿ ಬರುವುದಿಲ್ಲವಂತೆ. ಮನೆಯವರು ಲಾರಿಯ ಮೇಲೆ, ಮಗುವನ್ನು ನೋಡಲು ಬೇರೆ ಯಾರೂ ಇಲ್ಲ, ಪೂರ್ತಿ ಶುಲ್ಕ ಕಟ್ಟಲಾಗದೆ ನನ್ನ ಕೆಲಸ ಹೋಗುವ ಹಾಗಾಗಿದೆ. ಕೆಲಸ ಬಿಟ್ಟರೆ ಆದಾಯ ಇಳಿದು ಪೂರ್ತಿ ನೆರವು ಮರಳುವುದಂತೆ! ಆಗ ನಾನೇ ಮನೆಯಲ್ಲಿರುತ್ತೇನಲ್ಲ, ಮಗುವನ್ನು ಇಲ್ಲಿ ಯಾಕೆ ಬಿಡಲಿ ಎಂದು ಕೇಳಿದ್ದಕ್ಕೆ ಸಾಹೇಬರು ಚಹಾ ತರಿಸಿದರು. ಆ ಚಹಾದ ಹಾಲು ತಮ್ಮದೇ ಇರಬೇಕು.

ಮೆಲ್ಲಮೆಲ್ಲಗೆ ಬಿಡಿಸುವ ವಿದ್ಯೆಯಲ್ಲಿ ತಾವು ಅವರಿಗಿಂತ ದೊಡ್ಡವರು. ಕರು ಹುಲ್ಲು ಜಗಿಯಲು ಕಲಿತಿದೆಯೇ ಎಂದು ನೋಡಿ ನೋಡಿ ಮೊಲೆ ಬಿಡಿಸುತ್ತೀರಿ. ಕೊಡ ಎಷ್ಟು ತುಂಬಿತೆಂದು ನೋಡಿ ಅಲ್ಲ. ಕರು ಕಣ್ಣೆದುರು ಇರದಿದ್ದರೆ ತಾವು ಹಾಲೇ ಬಿಡುವುದಿಲ್ಲ, ಯಾರೂ ತಮ್ಮನ್ನು ಯಾಕೆಂದು ಕೇಳುವುದಿಲ್ಲ. ನಾನು ಮಾತ್ರ ಮಗಳು ಎಲ್ಲಿ ಬಿದ್ದಳೋ ಎಂದು ಹೆದರುತ್ತ ಗುಂಡಿ ಹಚ್ಚಬೇಕು. ಸಂಕಟವಾಗುತ್ತದೆ ಗವರವ್ವ, ಸುಳ್ಳು ಯಾಕೆ ಹೇಳಲಿ.

ಆದ್ದರಿಂದ ತಾವು ಹೆಚ್ಚಿನ ಹಾಲನ್ನು ಸಾಹೇಬರಿಗೆ ಕಾಣದಂತೆ ಕೋಡಿನೊಳಗೆ ಬಚ್ಚಿಟ್ಟು, ವೈಷ್ಣವಿ ಶಾಲೆಗೆ ಸೇರುವ ವರ್ಷ ಒಟ್ಟಿಗೇ ಕೊಡಬೇಕಾಗಿ ವಿನಂತಿ. ಆಗದಿದ್ದರೆ ಸೋಮವಾರದಿಂದ ಅವಳು ತಮ್ಮ ಕರುವಿನ ಪಕ್ಕದಲ್ಲೇ ಕೂರುತ್ತಾಳೆ, ಇಬ್ಬರನ್ನೂ ನೋಡಿಕೊಳ್ಳಿ. ತಮ್ಮ ಆದಾಯ ಎಷ್ಟೆಂದು ನಾನು ಕೇಳುವುದಿಲ್ಲ.

ತಮ್ಮ ಸಗಣಿಯನ್ನೂ ಭಕ್ತಿಯಿಂದ ಬಾಚುವ,
ತಮ್ಮ ವಿಶ್ವಾಸಿ,
ಸಾರಿಕಾ

ತಾ.ಕ.: ಗುರುವಾರ ಮಾಣಿಕಪ್ಪ ಸಾಹೇಬರು ನಮ್ಮ ಆದಾಯವನ್ನು ಕಣ್ಣಾರೆ ಕಾಣಲು ಕೊಟ್ಟಿಗೆಗೇ ಬರುತ್ತಾರೆ. ತಾವು ಅವರನ್ನು ಒದೆಯಬಾರದು. ಒದೆಯಲೇಬೇಕು ಅನಿಸಿದರೆ, ಒಮ್ಮಿಗೇ ಬೇಡ, ಹಳೂಹಳೂ.